ಒಲೆ ಮಗ್ಗುಲಿನ ಚಪ್ಪರ

ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಸಾವಿತ್ರೆವ್ವ ಗಂಡನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು. ಚಿನ್ನವಲ್ಲ, ಸೀರೆಯಲ್ಲ, ತೀರ್ಥಯಾತ್ರೆಯಲ್ಲ. ಪಿಕಪ್ ಗಾಡಿಯ ಟಪದ, ಅಂದರೆ ಹಿಂದಿನ ತಗಡಿನ ಗೂಡಿನ, ಬಲಮಗ್ಗುಲಿಗೆ ಒಂದು ಮಡಚುವ ಚಪ್ಪರ. ಬಿಚ್ಚಿ ಎರಡು ಕಾಲಿನ ಮೇಲೆ ನಿಲ್ಲಿಸಿದರೆ ಹತ್ತು ಅಡಿ ನೆರಳು, ಸುತ್ತಿ ಕಟ್ಟಿದರೆ ಟಪದ ಅಂಚಿಗೊಂದು ಉದ್ದನೆಯ ಸುರುಳಿ. ಅಷ್ಟೇ. ಅಷ್ಟಕ್ಕೆ ಒಂದು ಕಥೆಯೇ ಎಂದು ನಗಬೇಡಿ. ನೆರಳಲ್ಲಿ ಕೂತು ಓದುವವರಿಗೆ ನೆರಳು ಏನೆಂದು ಹೇಳುವುದು ಕಷ್ಟ.

ಅವಳ ಗಂಡ ಹಾಲಸಿದ್ದನದು ಕುರಿಗಾರರ ಮನೆತನ. ಕಾಗವಾಡದ ಆಚೆ ಒಂದೂವರೆ ಎಕರೆ ಹೊಲ, ಎರಡು ಖೋಲಿಯ ಮನೆ ಇದ್ದರೂ ವರ್ಷದಲ್ಲಿ ಏಳೆಂಟು ತಿಂಗಳು ಆ ಮನೆಗೆ ಬೀಗ. ದೀಪಾವಳಿ ಮುಗಿಯಿತೆಂದರೆ ನೂರಾ ಎಂಬತ್ತು ಕುರಿ ಹೊಡೆದುಕೊಂಡು ಹೊರಡುವುದು. ಶಿರಗುಪ್ಪಿ, ಜುಗೂಳ, ಕುಡಚಿ ಎಂದು ಕೃಷ್ಣೆಯ ದಂಡೆಗುಂಟ ಕಬ್ಬು ಕಡಿದ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸುವುದು. ಮುಂಗಾರು ಹಿಡಿಯುವ ಹೊತ್ತಿಗೆ ತಿರುಗಿ ಬರುವುದು. ಹಿಕ್ಕೆಯ ಗೊಬ್ಬರ ಬೇಕೆಂದು ರೈತರೇ ಕರೆದು ಜಾಗ ಕೊಡುತ್ತಾರೆ, ಕಾಳು ಕೊಡುತ್ತಾರೆ. ಮೊದಲು ಸಾಮಾನು ಹೊರಲು ಕುದುರೆಗಳಿದ್ದವು. ಮೂರು ವರ್ಷದ ಕೆಳಗೆ ಮಗ ಲಖನ ಹಟ ಹಿಡಿದು ಕುದುರೆ ಮಾರಿಸಿ ಹಳೆಯ ಪಿಕಪ್ ತಂದ. ಹಿಂದಿನ ತೊಟ್ಟಿಗೆ ತಗಡಿನ ಟಪ ಕೂರಿಸಿದ. ಅದರೊಳಗೆ ಎಳೆಮರಿಗಳು, ಹಾಸಿಗೆ, ಹಿಟ್ಟಿನ ಡಬ್ಬಿ; ಎಲ್ಲಕ್ಕಿಂತ ಮುಂದೆ, ಎಡಮಗ್ಗುಲಿಗೆ, ಕುಲದೈವ ಬೀರದೇವರ ಪೆಟ್ಟಿಗೆ.

ಬಿಡಾರ ಹೂಡುವುದಕ್ಕೂ ಒಂದು ರೀತಿಯುಂಟು. ಗಾಡಿಯ ಮೂತಿ ಪೂರ್ವಕ್ಕೇ ಇರಬೇಕು. ಆಗ ಎಡಮಗ್ಗುಲು ಉತ್ತರಕ್ಕೆ ಬೀಳುತ್ತದೆ. ಅದು ದೇವರ ಮಗ್ಗುಲು. ಪೆಟ್ಟಿಗೆ ಇಳಿಸಿ ಅಲ್ಲಿ ಕಂಬಳಿಯ ಮೇಲೆ ಇಡುತ್ತಾರೆ, ಗಂಡಸರು ಕೂರುತ್ತಾರೆ, ಬಂದ ರೈತರಿಗೆ ಅಲ್ಲೇ ಚಹಾ. ಬಲಮಗ್ಗುಲು ಒಲೆಯದು. ಅಲ್ಲಿ ಮೂರು ಕಲ್ಲು, ಹೆಂಗಸರು, ಜಡ್ಡು ಬಿದ್ದ ಮರಿ, ಮುಟ್ಟಾದವರು, ಬಾಣಂತಿ. ಮೈಲಿಗೆ ಇದ್ದವರು ದೇವರ ಮಗ್ಗುಲಿಗೆ ಕಾಲಿಡುವಂತಿಲ್ಲ. ಇದನ್ನು ಯಾರೂ ಕಲಿಸುವುದಿಲ್ಲ. ಸೊಸೆಯಾಗಿ ಬಂದ ಮೂರನೆಯ ದಿನಕ್ಕೆ ಕಾಲಿಗೆ ತಾನಾಗಿ ಗೊತ್ತಾಗಿರುತ್ತದೆ. ಇನ್ನು ಬೇಸಿಗೆಯ ನಡುಹಗಲಲ್ಲಿ ಗಾಡಿಯ ನೆರಳು ಅಷ್ಟಿಷ್ಟು ಬೀಳುವುದೂ ದೇವರ ಮಗ್ಗುಲಿಗೇ. ಒಲೆಯ ಮಗ್ಗುಲಿಗೆ ಬಿಸಿಲು, ಕಾದ ತಗಡಿನ ಝಳ, ಒಲೆಯ ಉರಿ, ಮೂರೂ ಒಟ್ಟಿಗೆ.

ಹೋದ ವರ್ಷ ಚೈತ್ರದಲ್ಲಿ ಆ ಒಲೆಯ ಮಗ್ಗುಲಲ್ಲೇ ಲಖನನ ಹೆಂಡತಿ ಗಂಗಾ ತನ್ನ ಮೂರು ತಿಂಗಳ ಗಂಡುಕೂಸನ್ನು ಜೋಳಿಗೆಯಲ್ಲಿ ಹಾಕಿ ಟಪದ ಕೊಂಡಿಗೆ ತೂಗುಬಿಟ್ಟಿದ್ದಳು. ಜುಗೂಳದ ಹೊಲ. ಕಣ್ಣು ಹಾಯುವವರೆಗೆ ಕಬ್ಬಿನ ಕೂಳೆ, ಸುಟ್ಟ ಒಣಗರಿಯ ರವದಿ, ಒಂದು ಮರವಿಲ್ಲ. ಟಪದ ಒಳಗೆ ಮಲಗಿಸೋಣವೆಂದರೆ ಒಳಗೆ ಕೈಯಿಟ್ಟರೆ ಸುಡುತ್ತಿತ್ತು. ಹೊರಗೆ ಒಂದು ಸೀರೆಯ ಮರೆ. ಮಧ್ಯಾಹ್ನ ಕೂಸು ಅಳುವುದನ್ನು ನಿಲ್ಲಿಸಿತು. ಸದ್ಯ ಮಲಗಿತು ಎಂದುಕೊಂಡು ಅತ್ತೆ ಸೊಸೆ ಇಬ್ಬರೂ ರೊಟ್ಟಿ ಬಡಿದು ಮುಗಿಸಿದರು. ಮೈ ಮುಟ್ಟಿ ನೋಡಿದಾಗ ಕೆಂಡ. ಗಾಡಿ ಹೊಡೆದುಕೊಂಡು ಓಡಿದರು. ದವಾಖಾನೆಯ ಬಾಗಿಲು ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಹಾಲಸಿದ್ದ ಅತ್ತ. ಎಲ್ಲರಿಗಿಂತ ಜೋರಾಗಿ ಅತ್ತ. ಅವನು ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಕುಡಿದವನಲ್ಲ, ಎಳೆಮರಿಗೆ ಕಾಯಿಲೆಯಾದರೆ ಮಡಿಲಲ್ಲಿಟ್ಟುಕೊಂಡು ಊಟ ಬಿಡುವವನು. ಕೂಸು ಹೋದ ಐದನೆಯ ದಿನಕ್ಕೆ "ದೇವರ ಕೊಟ್ಟಿದ್ದ, ದೇವರ ಒಯ್ದ" ಎಂದು ಕಣ್ಣೊರೆಸಿಕೊಂಡು ಕುರಿ ಎಬ್ಬಿಸಿದ. ಸಾವಿತ್ರೆವ್ವ ಆ ಮಾತು ಒಪ್ಪಲಿಲ್ಲ. ಬಿಸಿಲು ಒಯ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಈ ವರ್ಷ ಮತ್ತೆ ಗಂಗಾಗೆ ಚೈತ್ರಕ್ಕೇ ದಿನ ತುಂಬುತ್ತಿತ್ತು. ತವರಿನಲ್ಲಿ ತಾಯಿಯಿಲ್ಲ. "ನಾನೂ ಗಂಗಾನೂ ಊರ ಮನ್ಯಾಗ ಇರತೇವಿ" ಎಂದಳು ಸಾವಿತ್ರೆವ್ವ.

"ಮರಿ ಯಾರ ನೋಡವರ? ರೊಟ್ಟಿ ಯಾರ ಬಡಿಯವರ?" ಎಂದ ಹಾಲಸಿದ್ದ. ಅದೂ ಸುಳ್ಳಲ್ಲ.

"ಹಂಗಾರ ಗಾಡಿಗೆ ಒಂದ ಚಪ್ಪರ ಹಚ್ಚಸ್ರಿ. ಒಲಿ ಮಗ್ಗಲಿಗೆ. ಕೂಸ ಬಂದ್ರ ಅದರ ಬುಡಕ ಹಾಕತೇನಿ."

"ನೋಡೂಣು."

ಆ ನೋಡೂಣು ಕಾರ್ತೀಕದಿಂದ ಮಾಘದವರೆಗೆ ನಡೆಯಿತು. ಒಮ್ಮೆ ಟೈರು ಅಡ್ಡ ಬಂತು, ಒಮ್ಮೆ ಕುರಿಗಳ ಲಸಿಕೆ ಅಡ್ಡ ಬಂತು. ಕಡೆಗೆ ಸಾವಿತ್ರೆವ್ವ ತನ್ನ ಸ್ವಂತದ್ದಕ್ಕೇ ಕೈ ಹಾಕಿದಳು. ಮದುವೆಯಲ್ಲಿ ಅವಳ ಅಪ್ಪ ಉಡಿ ತುಂಬುವಾಗ ಒಂದು ಹೆಣ್ಣುಕುರಿ ಕೊಟ್ಟಿದ್ದ. ಕರಿಮೈ, ಬಿಳಿ ಕಿವಿ. ಕುರಿಗಾರರಲ್ಲಿ ಹಾಗೆ ಬಂದ ಕುರಿ, ಅದರ ಮರಿ, ಮರಿಯ ಮರಿ, ಎಲ್ಲ ಹೆಂಗಸಿನದೇ. ಗಂಡ ಅವಳನ್ನು ಕೇಳದೆ ಮಾರುವಂತಿಲ್ಲ. ಆ ಬಿಳಿ ಕಿವಿಯ ಬಳಗದಲ್ಲಿ ಈ ಸಲ ಎರಡು ಟಗರು ಬೆಳೆದು ನಿಂತಿದ್ದವು. ಶಿರಗುಪ್ಪಿಯಲ್ಲಿ ರಾಜಾರಾಮ ಎಂಬ ವೆಲ್ಡಿಂಗಿನವನಿದ್ದ. ಕಬ್ಬಿನ ಟ್ರಾಲಿ ಕಟ್ಟುವವನು, ಈಚೆಗೆ ವಡಾಪಾವ್ ಗಾಡಿಗಳಿಗೆ ಚಪ್ಪರ ಕೂರಿಸುವುದರಲ್ಲಿ ಹೆಸರಾದವನು. ಅವನ ಮೊಮ್ಮಗನ ಮೊದಲ ಕೂದಲು ತೆಗೆಸುವ ಜವಳ ಗೊತ್ತಾಗಿತ್ತು, ಊಟಕ್ಕೆ ಟಗರು ಹುಡುಕುತ್ತಿದ್ದ. ಎರಡು ಟಗರಿಗೆ ಒಂದು ಚಪ್ಪರ ಎಂದು ಲಖನ ಫೋನಿನಲ್ಲಿ ಮಾತು ಮುಗಿಸಿದ. ಹಾಲಸಿದ್ದನೂ ಬೇಡವೆನ್ನಲಿಲ್ಲ.

ಶಿರಗುಪ್ಪಿಗೆ ಹೊರಡುವ ಮುಂಜಾನೆ ಸಾವಿತ್ರೆವ್ವ ಒಂದು ತಪ್ಪು ಮಾಡಿದಳು.

ಟಗರುಗಳನ್ನು ಗಾಡಿಗೆ ಹತ್ತಿಸುವಾಗ ದೊಡ್ಡದು ತಿರುಗಿ ಅವಳ ಅಂಗೈ ನೆಕ್ಕಿತು. ಹಾಲಿಲ್ಲದ ತಾಯಿಗೆ ಹುಟ್ಟಿದ ಮರಿ ಅದು. ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ಅವಳೇ. ಬರಿ ಹಣೆಯಲ್ಲಿ ಕತ್ತಿಗೆ ಕಳಿಸಲು ಮನಸ್ಸು ಒಪ್ಪಲಿಲ್ಲ. ಸೆರಗಿನ ಗಂಟು ಬಿಚ್ಚಿ, ಅದರಲ್ಲಿ ಸದಾ ಇಟ್ಟುಕೊಳ್ಳುವ ಭಂಡಾರದಲ್ಲಿ, ಅಂದರೆ ಬೀರದೇವರ ಅರಿಸಿನದಲ್ಲಿ, ಒಂದೊಂದು ಚಿಟಿಕೆ ತೆಗೆದು ಎರಡರ ಹಣೆಗೂ ಹಚ್ಚಿದಳು. "ಬೀರಣ್ಣಾ, ನಿನ್ನ ಹೆಸರೀಲೆ" ಎಂದಳು. ಮಾರುವ ಕುರಿಗೆ ಯಾರೂ ಭಂಡಾರ ಹಚ್ಚುವುದಿಲ್ಲ. ಹಚ್ಚಿದರೆ ಅದು ದೇವರ ಪಾಲು. ಇದು ಅವಳಿಗೆ ಗೊತ್ತಿಲ್ಲದ್ದಲ್ಲ. ಆ ಹೊತ್ತಿಗೆ ನೆನಪಿಗೆ ಬರಲಿಲ್ಲ, ಅಷ್ಟೇ. ದುಃಖದಲ್ಲಿ ಕೈ ಮುಂದೆ ಹೋಗಿತ್ತು.

ರಾಜಾರಾಮನ ಅಂಗಡಿ ಸಕ್ಕರೆ ಫ್ಯಾಕ್ಟರಿಯ ರಸ್ತೆಯಲ್ಲಿತ್ತು. ಚಪ್ಪರ ತಯಾರಾಗಿ ನೆಲದ ಮೇಲೆ ಬಿದ್ದಿತ್ತು: ಹಸಿರು ದಪ್ಪಬಟ್ಟೆ, ಮಡಚುವ ಎರಡು ತೋಳು, ಎರಡು ಕಾಲು, ಟಪಕ್ಕೆ ಕಚ್ಚಿಸಲು ಹತ್ತಡಿ ಉದ್ದದ ಕಬ್ಬಿಣದ ಪಟ್ಟಿ. ಸಾವಿತ್ರೆವ್ವ ಬಗ್ಗಿ ಬಟ್ಟೆ ಮುಟ್ಟಿ ನೋಡಿದಳು. ಬಿಸಿಲು ತೂರದ ಬಟ್ಟೆ. ಆ ಕ್ಷಣಕ್ಕೆ ಅವಳಿಗೆ ಆದ ಸಂತೋಷ ಸಣ್ಣದಲ್ಲ.

"ಬರೋಬರ ಬಂದೀರಿ" ಎಂದ ರಾಜಾರಾಮ, ಸೀಮೆಸುಣ್ಣದ ತುಂಡು ಕಿವಿಯಿಂದ ತೆಗೆಯುತ್ತ. "ಆರು ತೂತ ಹೊಡದು, ರಬ್ಬರ ವಾಷರ ಹಾಕಿ, ಒಳಗಿಂದ ನಟ್ಟ ಬಿಗದ್ರ ಆತು. ತಾಸಿನ ಕೆಲಸ. ವಡಾಪಾವ ಗಾಡಿಗೆಲ್ಲಾ ಎಡಕ್ಕ ಕೂಡಸ್ತೇನಿ, ಫುಟಪಾಥ ಕಡೆ. ನಿಮಗ ಹ್ಯಾಂಗ?"

"ಬಲಕ್ಕರಿ" ಎಂದಳು ಸಾವಿತ್ರೆವ್ವ.

"ಎಡಕ್ಕ ಕೂಡಸು" ಎಂದ ಹಾಲಸಿದ್ದ, ಅವಳ ಮಾತಿನ ಮೇಲೆಯೇ.

ರಾಜಾರಾಮ ಸೀಮೆಸುಣ್ಣ ಹಿಡಿದು ಇಬ್ಬರ ಮುಖ ನೋಡಿದ. ಸಾವಿತ್ರೆವ್ವ ಗಂಡನ ಕಡೆ ತಿರುಗಿದಳು. "ಎಡಕ್ಕ ದೇವರ ಮಗ್ಗಲಲಾ. ಬಾಣಂತಿ ಅಲ್ಲಿ ಹ್ಯಾಂಗ ಹೋಗತಾಳ? ನಾ ಕೇಳಿದ್ದು ಒಲಿ ಮಗ್ಗಲಿಗೆ."

"ದೇವರ ಬಿಸಲಾಗ ಕುಂತು, ನಾವು ನೆಳ್ಳಾಗ ಕುಂಡರೂದು ಎಲ್ಲೈತಿ?" ಹಾಲಸಿದ್ದ ದನಿ ಏರಿಸಲಿಲ್ಲ. ಅವನು ಎಂದೂ ಏರಿಸುವುದಿಲ್ಲ. "ಮೊದಲನೇ ಹಾಲ ಅವಗ, ಮೊದಲನೇ ಕತ್ತರಿ ಉಣ್ಣಿ ಅವಗ. ಮೊದಲನೇ ನೆಳ್ಳ ನಮಗೇನ?"

"ಟಗರ ನನ್ನವು. ನಮ್ಮಪ್ಪ ಉಡ್ಯಾಗ ಹಾಕಿದ ಕುರೀವು."

"ಹೌದಲಾ, ನಿನ್ನವ ಇದ್ದುವು. ಅವಕ್ಕ ಭಂಡಾರ ಹಚ್ಚಿದಾಕಿ ಯಾರು?"

ಸಾವಿತ್ರೆವ್ವ ಗಾಡಿಯ ಕಡೆ ನೋಡಿದಳು. ಎರಡೂ ಟಗರು ಹಣೆಯ ಮೇಲೆ ಹಳದಿ ಹೊತ್ತು ಸುಮ್ಮನೆ ಮೆಲುಕು ಹಾಕುತ್ತಿದ್ದವು.

"ಹಚ್ಚಿದ ಮ್ಯಾಲ ಅವು ಯಾರವಾದುವು? ನೀನ ಹೇಳು" ಎಂದ ಹಾಲಸಿದ್ದ. "ದೇವರ ಟಗರ ಕೊಟ್ಟು ತಂದದ್ದು ದೇವರದ. ಇದರಾಗ ನಂದೇನೂ ಇಲ್ಲ."

ಸಾವಿತ್ರೆವ್ವ ಅವನ ಎದುರಿಗೇ ಬಂದು ನಿಂತಳು. "ದೇವರ ಟಗರಾದ್ರ ಇವರ ಮನಿ ಜವಳಕ್ಕ ಯಾಕ ಹೊಂಟಾವು? ಖಂಡ ಊರ ಮಂದಿ ತಿನ್ನಬೌದು, ನೆಳ್ಳ ಮಾತ್ರ ದೇವರಿಗೇನ?"

ಹಾಲಸಿದ್ದ ತಲೆಯ ಪಟಕ ಬಿಚ್ಚಿ ಮತ್ತೆ ಸುತ್ತಿಕೊಳ್ಳತೊಡಗಿದ. ರಾಜಾರಾಮನಿಗೆ ಇರಿಸುಮುರಿಸಾಯಿತು. "ಅವ್ವಾ, ಒಂದ ಕೆಲಸ ಮಾಡತೇನಿ. ಬಲಕ್ಕೂ ಆರು ತೂತ ಹೊಡದ ಇಡತೇನಿ. ಬೇಕಾದಾಗ ಬಿಚ್ಚಿ ಆ ಕಡೆ ಕೂಡಸ್ಕೋರಿ. ಎಷ್ಟೊತ್ತಿನ ಕೆಲಸ ಅದು?"

"ಬ್ಯಾಡ" ಎಂದ ಹಾಲಸಿದ್ದ. "ತಗಡಿಗೆ ತೂತ ಜಾಸ್ತಿ ಆದ್ರ ಮಳ್ಯಾಗ ಸೋರತೈತಿ."

ಸಾವಿತ್ರೆವ್ವ ಕೊನೆಗೆ ಮಗನ ಕಡೆ ನೋಡಿದಳು. ಹೋದ ವರ್ಷ ಸತ್ತದ್ದು ಅವನ ಕೂಸು, ಈಗ ಬರುವುದೂ ಅವನದೇ. ಲಖನ ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದು ನಿಂತಿದ್ದ. ಅವ್ವನ ಕಣ್ಣು ತಪ್ಪಿಸಿ, "ಬಿಡವ್ವಾ, ನೆಳ್ಳ ನೆಳ್ಳನ. ಯಾ ಕಡೆ ಬಿದ್ರೇನ" ಎಂದ. ಡ್ರಿಲ್ಲಿನ ಸದ್ದು ಶುರುವಾಯಿತು. ಆರು ತೂತು ಎಡಮಗ್ಗುಲಿಗೇ ಬಿದ್ದವು. ಲಖನ ಟಪದ ಒಳಗೆ ಬಗ್ಗಿ ಒಂದೊಂದೇ ನಟ್ಟು ಬಿಗಿದ; ಬಹಳ ಗಟ್ಟಿಯಾಗಿಯೇ ಬಿಗಿದ.

ಆಮೇಲಿನ ಒಂದು ತಿಂಗಳು ಬಿಡಾರದಲ್ಲಿ ದೇವರ ಮಗ್ಗುಲಿಗೆ ದರ್ಬಾರಿನ ಕಳೆ ಬಂತು. ಹಸಿರು ನೆರಳಲ್ಲಿ ಪೆಟ್ಟಿಗೆ, ಅದರ ಬದಿಗೆ ಹಾಲಸಿದ್ದ, ಎದುರಿಗೆ ಹೊಲದ ಮಾಲೀಕರು. "ಭಾರೀ ನೆಳ್ಳಿನ ಸೋಯಿ ಮಾಡೀಯಲ್ಲೋ ಹಾಲಸಿದ್ದಾ" ಎಂದು ಬಂದವರೆಲ್ಲ ಹೊಗಳುವರು. ಅವನು ಕೈ ಮುಗಿದು "ಎಲ್ಲಾ ಅವಂದು" ಎಂದು ಪೆಟ್ಟಿಗೆ ತೋರಿಸುವನು. ಆ ಕಡೆಯಿಂದ ಸಾವಿತ್ರೆವ್ವ ಚಹಾ ತಂದಿಟ್ಟು ಈ ಕಡೆಯ ಬಿಸಿಲಿಗೆ ಹೋಗುವಳು. ಒಂದು ಸಂಜೆ ಸುಳಿಗಾಳಿ ಎದ್ದು ಚಪ್ಪರದ ಅಂಚು ಹರಿಯಿತು. ಹೊಲಿಯಬೇಕಾದವಳು ಮತ್ತೆ ಅವಳೇ. ತನ್ನ ಬಿಳಿ ಕಿವಿಯ ಕುರಿಗಳ ಕರಿ ಉಣ್ಣೆ ಹೊಸೆದು, ಕಂಬಳಿಗೆ ಹಾಕುವ ಹಾಗೆ ಅಂಚಿನುದ್ದಕ್ಕೂ ಮೂರು ಮೂರು ಗಂಟಿನ ಹೊಲಿಗೆ ಹಾಕಿದಳು. ಸಿಟ್ಟಿನಲ್ಲಿ ಹಾಕಿದರೂ ಹೊಲಿಗೆ ಮಾತ್ರ ಚಂದ ಬಂತು. ಅವಳ ಕೈಗೆ ಕೆಟ್ಟದಾಗಿ ಹೊಲಿಯುವುದು ಗೊತ್ತಿರಲಿಲ್ಲ.

"ಗಂಗಾನ್ನ ಒಂದೀಟ ಹೊತ್ತು ಚಪ್ಪರದ ಬುಡಕ ಕುಂಡರಸ್ಲಿ? ಇನ್ನಾ ಹಡದಿಲ್ಲಲಾ, ಮೈಲಿಗಿ ಎಲ್ಲಿದು?" ಎಂದು ಒಂದು ದಿನ ಕೇಳಿಯೂ ನೋಡಿದಳು.

"ದಿನ ತುಂಬೈತಿ. ಕುಂತಲ್ಲೇ ನೀರ ಹೋದ್ರ?" ಎಂದ ಹಾಲಸಿದ್ದ. ನಿಜವಾಗಿಯೂ ಹೆದರಿಯೇ ಹೇಳಿದ.

ಚೈತ್ರ ಬಂತು. ಬಿಡಾರ ಮತ್ತೆ ಜುಗೂಳಕ್ಕೇ ಬಂತು, ಅದೇ ಹೊಲದ ಪಕ್ಕದ ಹೊಲ. ಹೆರಿಗೆಗೆ ಇನ್ನೂ ಹತ್ತು ದಿನವಿದೆ ಎಂದು ತಾಯಿ ಕಾರ್ಡಿನಲ್ಲಿ ಬರೆದಿತ್ತು. ನಾಲ್ಕು ದಿನ ಮೊದಲೇ ದವಾಖಾನೆಗೆ ಸೇರಿಸುವುದೆಂದು ಲಖನ ಒಪ್ಪಿದ್ದ. ಕಾರ್ಡು ಓದಿಕೊಂಡು ಹುಟ್ಟುವ ಕೂಸು ಯಾವುದು? ಒಂದು ಮಧ್ಯಾಹ್ನ, ಗಂಡಸರಿಬ್ಬರೂ ಕುರಿಗೆ ನೀರು ಕುಡಿಸಲು ಹೊಳೆಗೆ ಹೋದಾಗ, ಹಿಟ್ಟು ನಾದುತ್ತಿದ್ದ ಗಂಗಾ ಹೊಟ್ಟೆ ಹಿಡಿದು ಎದ್ದು ನಿಂತಳು.

"ಅತ್ತೀ" ಎಂದಳು. ಅಷ್ಟೇ ಎಂದಳು.

ಸಾವಿತ್ರೆವ್ವ ಲಖನನಿಗೆ ಫೋನ್ ಹಚ್ಚಿದಳು. ಹೊಳೆಯ ತಗ್ಗಿನಲ್ಲಿ ಅವನ ಫೋನು ಹತ್ತಲಿಲ್ಲ. 108ಕ್ಕೆ ಹಚ್ಚಿದಳು. ಹೊರಟೇವಿ, ಹೊಲದ ದಾರಿ ಹೇಳ್ರಿ ಎಂದರು. ಹೇಳಿದಳು. ಆಮೇಲೆ ಎರಡು ಕೋಲು ನೆಟ್ಟು ಮೇಲೆ ಕಂಬಳಿ ಕಟ್ಟಿ ಒಲೆಯ ಮಗ್ಗುಲಲ್ಲಿ ಒಂದು ಮರೆ ಮಾಡಿದಳು. ಆಳಿನಷ್ಟು ನೆರಳೂ ಆಗಲಿಲ್ಲ. ತಗಡಿನಿಂದ ಝಳ, ನೆಲದಿಂದ ಝಳ. ಗೋಣಿ ಹಾಸಿ ಮಲಗಿಸಿದರೆ ಗಂಗಾ ಬೆನ್ನು ಸುಟ್ಟು ಮತ್ತೆ ಎದ್ದು ಕೂತಳು. ಅವಳ ಕಣ್ಣು ಟಪದ ಕೊಂಡಿಯ ಮೇಲೆ ನೆಟ್ಟಿತ್ತು. ಹೋದ ವರ್ಷ ಜೋಳಿಗೆ ತೂಗಿದ್ದ ಕೊಂಡಿ.

"ಇಲ್ಲಿ ಬ್ಯಾಡ ಅತ್ತೀ" ಎಂದಳು ಗಂಗಾ. "ನಿಮ್ಮ ಕಾಲ ಬೀಳತೇನಿ, ಇಲ್ಲಿ ಬ್ಯಾಡ."

ಸಾವಿತ್ರೆವ್ವ ಎದ್ದಳು. ಗಾಡಿ ಸುತ್ತಿ ದೇವರ ಮಗ್ಗುಲಿಗೆ ಹೋದಳು. ಹಸಿರು ಚಪ್ಪರದ ಕೆಳಗೆ ಹತ್ತು ಅಡಿ ತಂಪು ನೆರಳು ಬಿದ್ದಿತ್ತು. ಅದರ ನಡುವೆ ಒಂದೂವರೆ ಅಡಿಯ ಪೆಟ್ಟಿಗೆ. ಬೇರೆ ಯಾರೂ ಇರಲಿಲ್ಲ. ಮೂವತ್ತನಾಲ್ಕು ವರ್ಷ ಅವಳು ಆ ಪೆಟ್ಟಿಗೆಗೆ ದೂರದಿಂದ ಕೈ ಮುಗಿದಿದ್ದಳು, ಮುಟ್ಟಿದ್ದಿಲ್ಲ. ಹೆಂಗಸರು ಮುಟ್ಟುವುದಿಲ್ಲ.

"ಬೀರಣ್ಣಾ" ಎಂದಳು, ಮಗನ ಹತ್ತಿರ ಮಾತಾಡುವ ದನಿಯಲ್ಲಿ. "ನೀನೂ ಹುಟ್ಟಿದ ಕೂಡಲೇ ಅಡವ್ಯಾಗ ಬಿಸಲಿಗೆ ಬಿದ್ದ ಕೂಸು. ನಿನಗ ನಾ ಏನ ಹೇಳಲಿ? ಸಿಟ್ಟ ಬಂದ್ರ ನನಗ ಹೊಡಿ, ಅಕಿಗೆ ಬ್ಯಾಡ."

ಪೆಟ್ಟಿಗೆ ಎತ್ತಿದಳು. ಅಂದುಕೊಂಡಷ್ಟು ಭಾರವಿರಲಿಲ್ಲ. ಒಲೆಯ ಮಗ್ಗುಲಿಗೆ ತಂದು, ಗಂಗಾಗೆಂದು ಕಟ್ಟಿದ್ದ ಕಂಬಳಿಯ ಮರೆಯಲ್ಲಿ ಇಟ್ಟಳು. ಬಾಣಂತಿಗೆ ಸಾಕು ಎಂದು ಬಿಟ್ಟಿದ್ದ ನೆರಳು ದೇವರಿಗೂ ಸಾಕಾಗಬೇಕು. ಆಮೇಲೆ ಗಂಗಾಳ ಕಂಕುಳಿಗೆ ಕೈ ಕೊಟ್ಟು ಹೆಜ್ಜೆ ಹೆಜ್ಜೆಗೆ ನಿಲ್ಲಿಸುತ್ತ ಚಪ್ಪರದ ಕೆಳಗೆ ಕರೆತಂದು ದೇವರ ಕಂಬಳಿಯ ಮೇಲೇ ಮಲಗಿಸಿದಳು.

ಆಂಬ್ಯುಲೆನ್ಸ್ ಬರುವ ಮೊದಲೇ ಕೂಸು ಬಂತು. ಹೆಣ್ಣು. ಹುಟ್ಟಿದ ತಕ್ಷಣ ಅತ್ತಿತು. ಹಾಲಸಿದ್ದ ಹೋದ ವರ್ಷ ಅತ್ತದ್ದಕ್ಕಿಂತ ಜೋರಾಗಿ ಅತ್ತಿತು. ಸಾವಿತ್ರೆವ್ವ ತನ್ನ ಸೆರಗಿನಲ್ಲಿ ಸುತ್ತಿ ಎದೆಗಪ್ಪಿಕೊಂಡು ಹಸಿರು ಬಟ್ಟೆಯ ಕಡೆ ಮುಖ ಎತ್ತಿ ನಕ್ಕಳು. ತುಸು ಹೊತ್ತಿಗೆ ದಡದಡ ಕುಲುಕುತ್ತ ಆಂಬ್ಯುಲೆನ್ಸ್ ಬಂತು. ಇಳಿದು ಬಂದ ನರ್ಸು ತಾಯಿ ಮಗುವನ್ನು ನೋಡಿ, ಮೇಲೆ ನೋಡಿ, "ಛಲೋ ನೆಳ್ಳ ಮಾಡಿಟ್ಟೀರಿ ಅವ್ವಾ. ಈ ಬಿಸಲಾಗ ಇದು ಇರದಿದ್ರ ಕಷ್ಟ ಇತ್ತು" ಎಂದಳು. ಸಾವಿತ್ರೆವ್ವನನ್ನು ಆ ವರ್ಷ ಯಾರಾದರೂ ಮೆಚ್ಚಿದ್ದು ಅದೊಂದೇ ಸಲ.

ಮೂರು ದಿನ ದವಾಖಾನೆಯಲ್ಲಿದ್ದರು. ಹಾಲಸಿದ್ದ ಬರಲಿಲ್ಲ. ಲಖನ ದಿನಾ ಹೊಲದ ಮಾಲೀಕರ ಬೈಕಿನಲ್ಲಿ ಬಂದು ಮಗಳ ಮುಖ ನೋಡಿ, ಅವ್ವನ ಹತ್ತಿರ ಅಡ್ಡಮಾತು ಆಡಿ ಹೋಗುತ್ತಿದ್ದ. ನಾಲ್ಕನೆಯ ದಿನ ಕರೆದೊಯ್ಯಲು ಪಿಕಪ್ ತಂದ. ದೂರದಿಂದಲೇ ಹೊಸ ಹಾರನ್ ಕೇಳಿಸಿತು, ಮೂರು ರಾಗದ್ದು. ಮುಂದಿನ ಗಾಜಿನ ಮೇಲೆ ಮಿರಿಮಿರಿ ರೇಡಿಯಂ ಅಕ್ಷರ: "ಶ್ರೀ ಬೀರದೇವ ಪ್ರಸನ್ನ". ಸಾವಿತ್ರೆವ್ವ ಕೂಸನ್ನು ಗಂಗಾಳ ಕೈಗೆ ಕೊಟ್ಟು ಗಾಡಿಯ ಎಡಮಗ್ಗುಲಿಗೆ ಹೋಗಿ ನಿಂತಳು. ಟಪದ ಅಂಚಿನಲ್ಲಿ ಆರು ತೂತು ಇದ್ದವು. ಎರಡರಲ್ಲಿ ರಬ್ಬರ್ ವಾಷರು ಹಾಗೇ ಅಂಟಿಕೊಂಡಿತ್ತು.

"ಅಪ್ಪಾ ಬಿಚ್ಚಸಿದ" ಎಂದ ಲಖನ, ಸ್ಟೇರಿಂಗ್ ನೋಡುತ್ತ. "ರಾಜಾರಾಮಗ ವಾಪಸ ಕೊಟ್ಟು ಹಾರನ್ನ, ರೇಡಿಯಂ ಹಾಕಿಸ್ಕೊಂಡ ಬಂದ."

ಬಿಡಾರದಲ್ಲಿ ಹಾಲಸಿದ್ದ ಬಿಸಿಲಲ್ಲಿ ಪೆಟ್ಟಿಗೆಯ ಬದಿಗೆ ಕೂತಿದ್ದ. ಹೊಳೆಯ ನೀರು ತಂದು ಪೆಟ್ಟಿಗೆ ತೊಳೆದು, ಅರಿಸಿನ ಬಳಿದು, ಅಂದಿನಿಂದ ಒಪ್ಪತ್ತಿನ ಊಟ ಹಿಡಿದಿದ್ದ. ಮುಖ ಬಾಡಿತ್ತು. ಬೈಯುವುದಕ್ಕೆ ಅವನಿಗೆ ಬರಲಿಲ್ಲ.

"ಪುರಡ ಕಂಡ ನೆಳ್ಳ ದೇವರಿಗೆ ಸಲ್ಲೂದಿಲ್ಲ" ಎಂದ.

"ದೇವರಿಗೆ ಸಲ್ಲದಿದ್ರ ನಮಗ ಬಿಡಬೇಕಿತ್ತು" ಎಂದಳು ಸಾವಿತ್ರೆವ್ವ. "ಬಿಚ್ಚಿದವ್ರು ಆ ಮಗ್ಗಲಿಗೆ ಹಚ್ಚಬೇಕಿತ್ತು."

"ದೇವರದನ್ನ ಒಲಿ ಮಗ್ಗಲಿಗೆ ಹ್ಯಾಂಗ ಹಚ್ಚೂದು ಬೇ? ನೀನ ಹೇಳು, ಹ್ಯಾಂಗ ಹಚ್ಚೂದು?" ಅವನು ನಿಜಕ್ಕೂ ಅವಳನ್ನೇ ಕೇಳುತ್ತಿದ್ದ. ಗಂಡಸು ಅಳುವ ಸ್ಥಿತಿಯಲ್ಲಿದ್ದ. ದೇವರಿಗೂ ಬೇಡವಾದದ್ದು, ಹೆಂಗಸರಿಗೂ ಕೊಡಬಾರದ್ದು. ಅಂಥದ್ದನ್ನು ಏನು ಮಾಡಬೇಕೆಂದು ಅವನ ಅಪ್ಪ ಅವನಿಗೆ ಹೇಳಿಕೊಟ್ಟಿರಲಿಲ್ಲ. ಹಾಗೆಂದು ಸಾವಿತ್ರೆವ್ವನಿಗೆ ಅವನ ಮೇಲೆ ಕನಿಕರ ಬರಲಿಲ್ಲ. ಅವಳು ಒಲೆಯ ಮಗ್ಗುಲಿಗೆ ಹೋಗಿ ಅದೇ ಎರಡು ಕೋಲಿಗೆ ಕಂಬಳಿ ಕಟ್ಟಿದಳು. ಆ ತಿಂಗಳೆಲ್ಲ ಹಗಲು ಹೊತ್ತು ಒದ್ದೆ ಸೀರೆ ಹಿಡಿದು, ಬಿಸಿಲು ಸರಿದ ಹಾಗೆ ತಾನೂ ಸರಿಯುತ್ತ, ಕೂಸಿನ ಪಕ್ಕದಲ್ಲಿ ನಿಂತೇ ಇದ್ದಳು. ಬಿಸಿಲಿಗೆ ಅವಳ ಮುಖ ಸುಲಿದು ಕಪ್ಪಾಯಿತು, ಕೂಸು ಬದುಕಿತು.

ಆರು ವಾರಕ್ಕೆ ಕೂಸಿಗೆ ಸೂಜಿ ಹಾಕಿಸಲು ಅತ್ತೆ ಸೊಸೆ ಕುಡಚಿಗೆ ಬಂದರು. ಮಳೆ ಇನ್ನೂ ಹಿಡಿದಿರಲಿಲ್ಲ. ಸೂಜಿ ಮುಗಿಸಿ ಸ್ಟೇಷನ್ ರಸ್ತೆಯಲ್ಲಿ ಬಸ್ಸಿಗೆ ನಿಂತರೆ ತಲೆಯ ಮೇಲೆ ಬೆಂಕಿ; ಬಸ್ಸಿಗೆ ಇನ್ನೂ ಮುಕ್ಕಾಲು ತಾಸು. ಎದುರಿಗೆ ಒಂದು ವಡಾಪಾವ್ ಗಾಡಿ, ಅದರ ಮಗ್ಗುಲಿಗೆ ಹಸಿರು ಚಪ್ಪರ, ಚಪ್ಪರದ ಕೆಳಗೆ ನಾಲ್ಕೈದು ಜನ ನಿಂತು ತಿನ್ನುತ್ತಿದ್ದರು. ಸಾವಿತ್ರೆವ್ವ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸೊಸೆಯನ್ನು ಎಳೆದುಕೊಂಡು ಅದರ ಕೆಳಗೆ ಹೋಗಿ ನಿಂತಳು. ಉಸ್ ಎಂದು ಮುಖ ಎತ್ತಿದಳು. ಅಂಚಿನುದ್ದಕ್ಕೂ ಕರಿ ಉಣ್ಣೆಯ ಹೊಲಿಗೆ, ಮೂರು ಮೂರು ಗಂಟು.

ಗಂಗಾಳಿಗೂ ಕಂಡಿತು.

"ಅವ್ವಾ, ತಿನ್ನೂದಿದ್ರ ನಿಲ್ರಿ. ಬರೇ ನಿಂತ್ರ ಗಿರಾಕಿಗೆ ಜಾಗಾ ಇಲ್ಲ" ಎಂದಳು ಗಾಡಿಯ ಹೆಂಗಸು. ಶುಭಾಂಗಿ ಅಂತ ಹೆಸರು, ಮುಂದಿನ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸಿದ್ದಳು. ಕೆಟ್ಟ ದನಿಯಲ್ಲೇನೂ ಹೇಳಲಿಲ್ಲ. ದಿನಕ್ಕೆ ಐವತ್ತು ಸಲ ಹೇಳುವ ಮಾತು.

"ಒಂದ ಕೊಡು" ಎಂದಳು ಸಾವಿತ್ರೆವ್ವ.

ಕಾಗದದಲ್ಲಿ ವಡಾಪಾವ್ ಬಂತು. ಅರ್ಧ ಗಂಗಾಗೆ ಕೊಟ್ಟಳು, ಅರ್ಧ ತಾನು ಹಿಡಿದು ಇಷ್ಟಿಷ್ಟೇ ಮುರಿದು ಬಾಯಿಗಿಟ್ಟುಕೊಂಡಳು. ಕೂಸು ನೆರಳಿಗೆ ಬಂದದ್ದೇ ತಡ ಮುಷ್ಟಿ ಸಡಿಲ ಬಿಟ್ಟು ನಿದ್ದೆ ಹೋಗಿತ್ತು.

"ಏನವ್ವಾ, ಆಗಿಂದ ಮ್ಯಾಲ ನೋಡಾಕತ್ತೀ?" ಎಂದಳು ಶುಭಾಂಗಿ, ಎಣ್ಣೆಗೆ ವಡೆ ಬಿಡುತ್ತ.

"ಹೊಲಿಗಿ ಛಲೋ ಐತಿ."

"ಅದು ನಂದಲ್ಲ ತಗೋ. ತರುವಾಗನ ಇತ್ತು. ಯಾವುದೋ ದೇವರ ಗಾಡೀದಂತ. ಅಲ್ಲಿ ನೋಡು, ಭಂಡಾರದ ಹಳದಿ ಕಲಿ. ನಾ ಅದನ್ನ ತೊಳದೇ ಇಲ್ಲ. ಹಾಕಿದಾಗಿಂದ ವ್ಯಾಪಾರ ಛಲೋ ನಡದೈತಿ."

ಸಾವಿತ್ರೆವ್ವನ ಕೈಯಲ್ಲಿದ್ದ ತುಂಡು ಮುಗಿಯಿತು. ಬರಿ ಕಾಗದ ಉಳಿಯಿತು. ಶುಭಾಂಗಿ ಆ ಕಾಗದ ನೋಡಿದಳು, ಹಿಂದೆ ಬಿಸಿಲಲ್ಲಿ ನಿಂತಿದ್ದ ಇಬ್ಬರು ಗಿರಾಕಿಗಳನ್ನು ನೋಡಿದಳು. ಬಸ್ಸಿನ ಸುಳಿವಿರಲಿಲ್ಲ. ಸಾವಿತ್ರೆವ್ವನಿಗೆ ಹಸಿವಿರಲಿಲ್ಲ. ಮಲಗಿದ ಕೂಸಿನ ಮುಖ ಒಮ್ಮೆ ನೋಡಿ, ಸೆರಗಿನ ಗಂಟು ಬಿಚ್ಚಿ ದುಡ್ಡು ತೆಗೆದು, "ಇನ್ನೊಂದ ಕೊಡವ್ವಾ" ಎಂದಳು.